ಸದ್ದೋ, ಸುದ್ದಿಯೋ? ಡಿಟೆಕ್ಟರ್ ಕಟ್ಟುವ ಲ್ಯಾಬ್‌ನಿಂದ ಒಂದಷ್ಟು ಮಾತು

(ವಿಜ್ಞಾನದ ಆಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಓದುವುದಕ್ಕೆ ಹೊಂದುವಂತೆ ಸ್ವಲ್ಪ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಮೇಜಿನ ಮೇಲಿರುವ ಇದನ್ನು ಆನ್ ಮಾಡಿಬಿಡುತ್ತೇನೆ. ಕಪ್ಪು ಟೇಪ್ ಸುತ್ತಿದ ಎರಡು ಬಿಲ್ಲೆಗಳು ಕಾಣುತ್ತಿವೆ ಅಲ್ವಾ? ಒಂದೊಂದೂ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಒಂದು ಕೆಳಗೆ, ಇನ್ನೊಂದು ಅದರ ಮೇಲೆ, ನಡುವೆ 10 ಸೆಂಟಿಮೀಟರ್ ಜಾಗ. ಎರಡರಿಂದಲೂ ವೈರ್ ಬಂದು ಈ ಪೆಟ್ಟಿಗೆಗೆ ಸೇರುತ್ತದೆ. ಸ್ವಲ್ಪ ಸುಮ್ಮನಿದ್ದು ಕೇಳಿ.

ಟಿಕ್.

ಬಂತು. ಇಗೋ, ಇನ್ನೊಂದು ಬಂತು. ಇವತ್ತು ನಾನು ಮಾತಾಡುವಷ್ಟು ಹೊತ್ತೂ ಇದು ಹೀಗೆ ಟಿಕ್ ಅನ್ನುತ್ತಲೇ ಇರುತ್ತದೆ, ನಿಮಿಷಕ್ಕೆ ಸುಮಾರು 20 ಸಲ. ಒಂದೊಂದು ಟಿಕ್ಕೂ ಒಂದೊಂದು ಮ್ಯೂಆನ್, ಅಂದರೆ ಎಲೆಕ್ಟ್ರಾನಿನಂಥದೇ, ಆದರೆ ಅದಕ್ಕಿಂತ ಭಾರದ ಒಂದು ಕಣ. ಬಾಹ್ಯಾಕಾಶದಿಂದ ಬಂದ ಕಣಗಳು ನಮ್ಮ ಗಾಳಿಗೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇವು ಹುಟ್ಟುತ್ತವೆ. ಅಲ್ಲಿಂದ ಇಳಿದು, ಈ ಕಟ್ಟಡದ ತಾರಸಿ ದಾಟಿ, ಎರಡೂ ಬಿಲ್ಲೆಗಳನ್ನು ತೂರಿ ನೆಲದೊಳಕ್ಕೆ ಹೋಗುತ್ತವೆ. ಅಂಗೈ ಚಾಚಿ ಹಿಡಿಯಿರಿ. ಸೆಕೆಂಡಿಗೆ ಸರಿಸುಮಾರು ಒಂದು ಮ್ಯೂಆನ್ ಅದರೊಳಗಿಂದ ಹಾದುಹೋಗುತ್ತಿದೆ. ನೀವು ಹುಟ್ಟಿದಾಗಿನಿಂದ ಹೀಗೆ ಹೋಗುತ್ತಲೇ ಇದೆ.

ಆದರೆ ನೀವು ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಟಿಕ್ ಮ್ಯೂಆನ್ನೇ ಅಂತ ಹೇಗೆ ಹೇಳುತ್ತೀರಿ? ಪೆಟ್ಟಿಗೆ ಸುಮ್ನೆ ಟಿಕ್ ಅನ್ನುತ್ತಿರಬಹುದಲ್ಲ? ಎಲ್ಲೋ ಒಂದು ಬೆಸುಗೆ ಸಡಿಲವಾಗಿರಬಹುದು. ಪಕ್ಕದ ಕೋಣೆಯಲ್ಲಿ ಯಾರೋ ಮೋಟಾರ್ ಆನ್ ಮಾಡಿರಬಹುದು. ವಿಶ್ವವಿದ್ಯಾಲಯದ ಡಿಟೆಕ್ಟರ್ ಲ್ಯಾಬ್‌ನಲ್ಲಿ, ಅಂದರೆ ಕಣಗಳನ್ನು ಪತ್ತೆ ಮಾಡುವ ಯಂತ್ರ ಕಟ್ಟುವ ಲ್ಯಾಬ್‌ನಲ್ಲಿ, ನಾವು ವರ್ಷಗಟ್ಟಲೆ ಮಾಡುವ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಬಂದದ್ದು ಬರೀ ಸದ್ದೋ, ಸುದ್ದಿಯೋ?

ಮೊದಲು ಒಂದು ಮಾತು ತಿಳಿದಿರಲಿ. ಕಣವನ್ನು ಯಾವ ಡಿಟೆಕ್ಟರೂ ನೇರವಾಗಿ ನೋಡುವುದಿಲ್ಲ. ಜನಜಂಗುಳಿಯಲ್ಲಿ ಒಬ್ಬ ನುಗ್ಗಿಕೊಂಡು ಹೋದ ಅಂದುಕೊಳ್ಳಿ. ದೂರದಿಂದ ನೋಡುವವರಿಗೆ ಅವನು ಕಾಣುವುದಿಲ್ಲ, ಜನ ಅತ್ತಿತ್ತ ಸರಿದದ್ದು ಕಾಣುತ್ತದೆ. ಇಲ್ಲೂ ಹಾಗೇ. ವಿದ್ಯುದಂಶ ಇರುವ ಕಣ ದಾರಿಯಲ್ಲಿ ಸಿಕ್ಕ ಪರಮಾಣುಗಳನ್ನು ತಾಗಿಕೊಂಡು ಹೋಗುತ್ತದೆ. ಅನಿಲದಲ್ಲಾದರೆ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಈ ಬಿಲ್ಲೆಗಳಲ್ಲಿರುವಂಥ ಪ್ಲಾಸ್ಟಿಕ್ಕಿನಲ್ಲಾದರೆ ಬೆಳಕು ಹೊಮ್ಮುತ್ತದೆ. ಇದಕ್ಕೆ ಸಿಂಟಿಲೇಟರ್ ಅನ್ನುತ್ತೇವೆ. ಸಿಲಿಕಾನ್‌ನಲ್ಲಾದರೆ ಒಂದು ಚಿಟಿಕೆ ವಿದ್ಯುತ್ತು ಹುಟ್ಟುತ್ತದೆ. ಆ ಸಣ್ಣ ಅಲುಗಾಟವನ್ನು ನಾವು ಅಳೆಯಬಲ್ಲಷ್ಟು ದೊಡ್ಡದು ಮಾಡಬೇಕು. ತೊಂದರೆ ಇರುವುದೂ ಅಲ್ಲೇ. ಸುದ್ದಿಯನ್ನು ದೊಡ್ಡದು ಮಾಡುವ ಯಂತ್ರ ಸದ್ದನ್ನೂ ಅಷ್ಟೇ ದೊಡ್ಡದು ಮಾಡುತ್ತದೆ.

ಮೊದಮೊದಲು ಈ ಕೆಲಸಕ್ಕೆ ಯಂತ್ರವೇ ಇರಲಿಲ್ಲ. ಕಣ್ಣೇ ಯಂತ್ರ. 1909ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ರದರ್‌ಫರ್ಡ್ ಅವರ ಲ್ಯಾಬ್‌ನಲ್ಲಿ, ಹ್ಯಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡನ್ ಕತ್ತಲ ಕೋಣೆಯಲ್ಲಿ ಕೂತು ಮಿಂಚು ಎಣಿಸಿದರು. ಮಾರ್ಸ್‌ಡನ್‌ಗೆ ಆಗ ಬರೀ 20 ವರ್ಷ, ಇನ್ನೂ ಪದವಿ ಓದುತ್ತಿದ್ದ ಹುಡುಗ. ಜಿಂಕ್ ಸಲ್ಫೈಡ್ ಬಳಿದ ಪರದೆಗೆ ಆಲ್ಫಾ ಕಣ, ಅಂದರೆ ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಒಂದು ಕಣ, ಬಿದ್ದರೆ ಚುಕ್ಕಿಯಷ್ಟು ಬೆಳಕು ಮಿನುಗುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಲೆಕ್ಕ ಹಾಕಬೇಕು. ಕಣ್ಣು ಕತ್ತಲಿಗೆ ಒಗ್ಗುವುದಕ್ಕೇ ಅರ್ಧ ಗಂಟೆ ಬೇಕು. ಹಾಗೆ ಎಣಿಸಿದಾಗಲೇ ಸುಮಾರು 8,000ಕ್ಕೆ ಒಂದು ಕಣ ಲೋಹದ ತಗಡಿಗೆ ಬಡಿದು ಹಿಂದಕ್ಕೆ ಬರುತ್ತದೆ ಅಂತ ಗೊತ್ತಾಯಿತು. ಪರಮಾಣುವಿನ ಒಳಗೆ ನ್ಯೂಕ್ಲಿಯಸ್ ಇದೆ ಅಂತ 1911ರಲ್ಲಿ ರದರ್‌ಫರ್ಡ್ ಹೇಳಿದ್ದು ಆ ಎಣಿಕೆಯ ಮೇಲೆ.

ನನಗೆ ಆ ಹುಡುಗನ ನೆನಪು ಆಗಾಗ ಬರುತ್ತದೆ. ಕತ್ತಲಲ್ಲಿ ತುಂಬಾ ಹೊತ್ತು ಕೂತರೆ ಕಣ್ಣು ಇಲ್ಲದ ಮಿಂಚನ್ನೂ ತೋರಿಸುತ್ತದೆ. 8,000 ಕಣಕ್ಕೆ ಒಂದು ಹಿಂದಕ್ಕೆ ಬಂತು ಅಂತ ಹೇಳಬೇಕಾದರೆ ತನ್ನ ಕಣ್ಣಿನ ಮೇಲೆ ಎಷ್ಟು ಹಿಡಿತ ಇರಬೇಕು, ಯೋಚನೆ ಮಾಡಿ.

ಅದೇ ಗೈಗರ್ ಮುಂದೆ ಕೀಲ್ ವಿಶ್ವವಿದ್ಯಾಲಯದಲ್ಲಿ ತಮ್ಮ ವಿದ್ಯಾರ್ಥಿ ವಾಲ್ಟರ್ ಮ್ಯುಲರ್ ಜೊತೆ ಸೇರಿ 1928ರಲ್ಲಿ ಒಂದು ಕೊಳವೆ ಮಾಡಿದರು. ಗೈಗರ್ ಕೌಂಟರ್ ಅಂತ ನೀವೆಲ್ಲ ಕೇಳಿರುವುದು ಇದನ್ನೇ. ಕೊಳವೆಯ ನಡುವೆ ಒಂದು ತೆಳು ತಂತಿ, ಸುತ್ತ ಅನಿಲ, ನೂರಾರು ವೋಲ್ಟ್ ವಿದ್ಯುತ್ತು. ಒಳಗೆ ಒಂದು ಎಲೆಕ್ಟ್ರಾನ್ ಬಿಡುಗಡೆಯಾದರೆ ಸಾಕು, ಅದು ತಂತಿಯ ಕಡೆ ಓಡುತ್ತದೆ. ತಂತಿಯ ಹತ್ತಿರ ಸೆಳೆತ ತೀರಾ ಜಾಸ್ತಿ. ಅಲ್ಲಿ ಆ ಎಲೆಕ್ಟ್ರಾನ್ ಬೇರೆ ಪರಮಾಣುವಿಗೆ ಗುದ್ದಿ ಇನ್ನೊಂದನ್ನು ಕೀಳುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಕೋಟಿಗಟ್ಟಲೆ ಆಗಿಬಿಡುತ್ತವೆ. ಹೊರಗೆ ನಮಗೆ ಟಿಕ್ ಅಂತ ಕೇಳುತ್ತದೆ.

ಈಗ ನಮ್ಮ ಲ್ಯಾಬ್‌ಗೆ ಬನ್ನಿ. ಅಲ್ಲಿ ಮೊದಲು ಕಾಣುವುದು ದೊಡ್ಡ ಯಂತ್ರಗಳಲ್ಲ. ಟೇಪ್ ಸುರುಳಿಗಳು, ಕತ್ತರಿ, ಸೋಲ್ಡರಿಂಗ್ ಐರನ್, ಅನಿಲದ ಸಿಲಿಂಡರ್‌ಗಳು, ಬಣ್ಣಬಣ್ಣದ ಕೇಬಲ್, ವಿದ್ಯುತ್ ಸಂಕೇತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಒಂದೆರಡು ಆಸಿಲೋಸ್ಕೋಪ್. ಹೊಸ ವಿದ್ಯಾರ್ಥಿಗಳಿಗೆ ಇದನ್ನು ನೋಡಿ ಸ್ವಲ್ಪ ನಿರಾಸೆಯಾಗುತ್ತದೆ. ನಾವು ಅವರಿಗೆ ಮೊದಲ ದಿನ ಕೊಡುವ ಕೆಲಸವೂ ಹಾಗೇ ಇರುತ್ತದೆ. ಒಂದು ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು, ಸುತ್ತು ಅನ್ನುತ್ತೇವೆ.

ಸುತ್ತುವುದು ಅಂದರೆ ಹೀಗೆ. ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು, ಏಕೆಂದರೆ ಬೆರಳಿನ ಜಿಡ್ಡು ತಾಗಿದರೆ ಆ ಪ್ಲಾಸ್ಟಿಕ್ಕಿನ ಮೈಯಲ್ಲಿ ಕಾಲಕ್ರಮೇಣ ಸಣ್ಣ ಬಿರುಕು ಬಿಡುತ್ತದೆ. ಮೊದಲು ಬೆಳಕನ್ನು ಒಳಕ್ಕೇ ತಿರುಗಿಸುವ ಹೊಳೆಯುವ ಹಾಳೆ. ಅದರ ಮೇಲೆ ಕಪ್ಪು ಕಾಗದ. ಅದರ ಮೇಲೆ ಕಪ್ಪು ಟೇಪ್. ಒಂದು ತುದಿಯಲ್ಲಿ, ಬೆಳಕನ್ನು ವಿದ್ಯುತ್ ಸಂಕೇತ ಮಾಡುವ ಫೋಟೋಮಲ್ಟಿಪ್ಲೈಯರ್ ಕೊಳವೆ ಕೂರಿಸಬೇಕು. ನಡುವೆ ಪಾರದರ್ಶಕ ಗ್ರೀಸ್ ಹಚ್ಚಬೇಕು, ಅದರಲ್ಲಿ ಗಾಳಿಗುಳ್ಳೆ ಉಳಿಯಬಾರದು. ಒಂದು ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ಕನ್ನು ಮ್ಯೂಆನ್ ತೂರಿದರೆ ಸುಮಾರು 20,000 ಬೆಳಕಿನ ಕಣಗಳು ಹುಟ್ಟುತ್ತವೆ. ಕೊಳವೆಯ ಬಾಯಿಗೆ ಮುಟ್ಟುವುದು ಅದರಲ್ಲಿ ಸ್ವಲ್ಪ ಪಾಲು ಮಾತ್ರ. ಆ ಬೆಳಕಿನಿಂದ ಎದ್ದ ಒಂದೊಂದು ಎಲೆಕ್ಟ್ರಾನನ್ನೂ ಕೊಳವೆ ಹತ್ತು ಲಕ್ಷದಷ್ಟು ಮಾಡಿ ಕೊಡುತ್ತದೆ. ಇಷ್ಟು ಸೂಕ್ಷ್ಮವಾದದ್ದಕ್ಕೆ ಹೊರಗಿನ ಬೆಳಕು ಸೂಜಿಮೊನೆಯಷ್ಟು ಒಳಗೆ ಹೋದರೂ ಕೆಲಸ ಕೆಟ್ಟಿತು.

ಇದು ನನಗೆ ಪುಸ್ತಕದಿಂದ ಬಂದ ತಿಳಿವಳಿಕೆ ಅಲ್ಲ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಒಬ್ಬ ವಿದ್ಯಾರ್ಥಿನಿ ಇಂಥದೇ ಒಂದು ಬಿಲ್ಲೆಯ ಎಣಿಕೆಯನ್ನು ದಿನವೂ ಬರೆದಿಡುತ್ತಿದ್ದಳು. ಒಂದು ವಾರ ಆದಮೇಲೆ ಗ್ರಾಫ್ ತಂದು ತೋರಿಸಿದಳು. ಬೆಳಗ್ಗೆ ಎಣಿಕೆ ಏರುತ್ತದೆ, ಮಧ್ಯಾಹ್ನ ಎಲ್ಲಕ್ಕಿಂತ ಜಾಸ್ತಿ, ಸಂಜೆ ಇಳಿಯುತ್ತದೆ. ಏಳು ದಿನವೂ ಹಾಗೇ. ಅವಳ ಮುಖದಲ್ಲಿ ಬೆಳಕಿತ್ತು. ಸೂರ್ಯನಿಂದ ಏನೋ ಬರುತ್ತಿದೆ ಸರ್ ಅಂದಳು. ನಿಜ ಹೇಳಬೇಕೆಂದರೆ ಅರ್ಧ ದಿನ ನಾನೂ ಹಾಗೇ ಅಂದುಕೊಂಡೆ. ಕೋಣೆಯ ಬಿಸಿ ಏರಿಳಿದದ್ದಕ್ಕೆ ಇರಬಹುದಾ, ಹೈ ವೋಲ್ಟೇಜ್ ಕೊಡುವ ಪೆಟ್ಟಿಗೆ ತೂಗಾಡುತ್ತಿದೆಯಾ ಅಂತ ಒಂದೊಂದಾಗಿ ನೋಡಿದೆವು. ಯಾವುದೂ ಅಲ್ಲ.

ಆಗ ನಮ್ಮ ಲ್ಯಾಬ್‌ನ ಹಿರಿಯ ತಂತ್ರಜ್ಞರು ಬಂದು, "ಅವಸರ ಮಾಡ್ಬೇಡಮ್ಮ, ಮೊದಲು ಲೈಟ್ ಆರಿಸು" ಅಂದರು. ಕೋಣೆ ಪೂರ್ತಿ ಕತ್ತಲು ಮಾಡಿದರು. ಅವಳನ್ನು ಆಸಿಲೋಸ್ಕೋಪ್ ಮುಂದೆ ಕೂರಿಸಿ, ತಾವು ಒಂದು ಸಣ್ಣ ಟಾರ್ಚ್ ಹಿಡಿದು ಬಿಲ್ಲೆಯ ಮೈಮೇಲೆ ಅಂಗುಲ ಅಂಗುಲವಾಗಿ ಸರಿಸುತ್ತಾ ಹೋದರು. ಮೇಲ್ಮೈ, ಏನಿಲ್ಲ. ಅಂಚು, ಏನಿಲ್ಲ. ಕೊಳವೆಯ ಕತ್ತು ಬಿಲ್ಲೆಗೆ ಸೇರುವ ಮೂಲೆಗೆ ಟಾರ್ಚ್ ಬಂದದ್ದೇ ತಡ, ಪರದೆ ಮೇಲೆ ಗೆರೆಗಳು ದಟ್ಟವಾಗಿ ಎದ್ದವು. ಟಾರ್ಚ್ ಸರಿಸಿದರೆ ಇಳಿದವು, ತಂದರೆ ಎದ್ದವು. ಟೇಪ್ ಅಲ್ಲಿ ಮಡಿಚಿಕೊಂಡು ಕೂದಲೆಳೆಯಷ್ಟು ಸಂದಿ ಬಿಟ್ಟಿತ್ತು. ಕಿಟಕಿಯ ಬಿಸಿಲು ದಿನವೂ ಅಲ್ಲಿಂದ ಒಳಗೆ ಹೋಗುತ್ತಿತ್ತು. ಸೂರ್ಯನಿಂದ ಬರುತ್ತಿದ್ದದ್ದು ನಿಜವೇ, ಆದರೆ ಅದು ಬರೀ ಬಿಸಿಲು. ಆ ಬಿಲ್ಲೆ ಸುತ್ತಿದ್ದು ನಾನೇ.

ಸದ್ದು ಯಾವಾಗಲೂ ಸದ್ದಿನ ವೇಷದಲ್ಲೇ ಬರುವುದಿಲ್ಲ. ಚೆಂದದ ಗ್ರಾಫ್ ಆಗಿಯೂ ಬರುತ್ತದೆ. ಆವತ್ತು ಅವಳು ಟಾರ್ಚ್ ಬೆಳಕಲ್ಲಿ ನೋಡಿದ್ದನ್ನು ನಾನು ಹತ್ತು ತರಗತಿಯಲ್ಲೂ ಕಲಿಸಲಾಗುತ್ತಿರಲಿಲ್ಲ. ಈಗಿನ ಕಾಲದಲ್ಲಿ ಒಳ್ಳೆಯ ಡಿಟೆಕ್ಟರ್ ಡಬ್ಬ ಸಮೇತ ಕೊಳ್ಳಲು ಸಿಗುತ್ತದೆ, ಮತ್ತೆ ನೀವೇ ಏಕೆ ಕಟ್ಟಬೇಕು ಅಂತ ಜನ ಕೇಳುತ್ತಾರೆ. ಕೊಳ್ಳುವುದು ತಪ್ಪಲ್ಲ, ನಾವೂ ಕೊಳ್ಳುತ್ತೇವೆ. ಆದರೆ ಮೂಲೆಯಲ್ಲಿ ಟೇಪ್ ಮಡಿಚಿಕೊಳ್ಳಬಹುದು ಅನ್ನುವುದು ಟೇಪ್ ಸುತ್ತಿದ ಕೈಗೆ ಗೊತ್ತಿರುತ್ತದೆ. ಡಬ್ಬ ತೆರೆದು ನೋಡದವರಿಗೆ ಅನುಮಾನ ಎಲ್ಲಿ ಪಡಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ಹಾಗಾದರೆ ಸದ್ದನ್ನು ಹೇಗೆ ಸೋಸುತ್ತೇವೆ? ಮೊದಲನೆಯದು, ಹೊಸ್ತಿಲು. ಇಷ್ಟಕ್ಕಿಂತ ಎತ್ತರದ ಸಂಕೇತ ಬಂದರೆ ಮಾತ್ರ ಒಳಗೆ ಬಿಡು ಅಂತ ಪೆಟ್ಟಿಗೆಗೆ ಹೇಳಿರುತ್ತೇವೆ. ಹೊಸ್ತಿಲು ತುಂಬಾ ತಗ್ಗಾದರೆ ಸದ್ದೆಲ್ಲ ಒಳಗೆ, ತುಂಬಾ ಎತ್ತರವಾದರೆ ಸುದ್ದಿಯೂ ಹೊರಗೆ. ಆದರೆ ಬರೀ ಹೊಸ್ತಿಲಿನಿಂದ ಆಗುವ ಕೆಲಸ ಅಲ್ಲ ಇದು. ಅದಕ್ಕೇ ಎರಡು ಬಿಲ್ಲೆ. ಎರಡರಲ್ಲೂ ಒಟ್ಟಿಗೆ ಬಂದರೆ ಮಾತ್ರ ಲೆಕ್ಕ. ಇದಕ್ಕೆ ಕೋಇನ್ಸಿಡೆನ್ಸ್ ಅನ್ನುತ್ತೇವೆ. ವಾಲ್ಟರ್ ಬೋಥೆ ಈ ಉಪಾಯಕ್ಕಾಗಿಯೇ 1954ರಲ್ಲಿ ನೊಬೆಲ್ ಪಡೆದರು. 1930ರಲ್ಲಿ ಬ್ರೂನೋ ರೋಸಿ ಇದಕ್ಕೊಂದು ಸೊಗಸಾದ ಸರ್ಕ್ಯೂಟ್ ಮಾಡಿದರು.

ಇದರ ಬಲ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. ಒಂದೊಂದು ಬಿಲ್ಲೆಯೂ ಸೆಕೆಂಡಿಗೆ 100 ಸುಳ್ಳು ಸಂಕೇತ ಕೊಡುತ್ತದೆ ಅಂದುಕೊಳ್ಳಿ. ಒಂದನ್ನೇ ನಂಬಿದರೆ ನಮ್ಮ ಮ್ಯೂಆನ್ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಈಗ, ಎರಡೂ ಸಂಕೇತಗಳು 100 ನ್ಯಾನೋಸೆಕೆಂಡಿನ ಒಳಗೆ ಬಂದರೆ ಮಾತ್ರ ಟಿಕ್ ಅನ್ನು ಅಂತ ನಿಯಮ ಹಾಕಿ. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಎರಡು ಸುಳ್ಳುಗಳು ಅಷ್ಟು ಹತ್ತಿರ ಹತ್ತಿರ ಬೀಳುವುದು ಎಂಟು ನಿಮಿಷಕ್ಕೆ ಒಂದು ಸಲ! ನಿಮಿಷಕ್ಕೆ 20 ನಿಜದ ನಡುವೆ ಎಂಟು ನಿಮಿಷಕ್ಕೊಂದು ಸುಳ್ಳು. ಮ್ಯೂಆನ್ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಹೋಗುವುದರಿಂದ ಅದಕ್ಕೆ ಈ ನಿಯಮ ಏನೂ ಕಷ್ಟವಲ್ಲ. ನಡುವಿನ 10 ಸೆಂಟಿಮೀಟರ್ ದಾಟಲು ಅದಕ್ಕೆ ಒಂದು ನ್ಯಾನೋಸೆಕೆಂಡೂ ಬೇಡ.

ಆಸ್ಪತ್ರೆಯ ಪೆಟ್ ಸ್ಕ್ಯಾನ್ ಕೂಡ ಈ ಉಪಾಯದ ಮೇಲೇ ನಿಂತಿದೆ. ದೇಹದೊಳಕ್ಕೆ ಕೊಟ್ಟ ವಿಕಿರಣಶೀಲ ಔಷಧಿಯಿಂದಾಗಿ ಎರಡು ಗಾಮಾ ಕಿರಣಗಳು ಎದುರುಬದುರಾಗಿ ಹೊರಡುತ್ತವೆ. ಸುತ್ತಲಿನ ಡಿಟೆಕ್ಟರ್‌ಗಳಲ್ಲಿ ಎರಡು ಒಟ್ಟಿಗೆ ಮಿನುಗಿದರೆ, ಅವೆರಡರ ನಡುವಿನ ಗೆರೆಯ ಮೇಲೆಲ್ಲೋ ಮೂಲ ಇದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ನೀವೇ ಈಗ ಮಾಡಬಹುದು. ಟಿಕ್‌ಗಳ ನಡುವಿನ ಬಿಡುವು ಗಮನಿಸಿ. ಒಮ್ಮೆ ಎರಡು ಬೆನ್ನುಬೆನ್ನಿಗೆ ಬರುತ್ತವೆ, ಒಮ್ಮೆ ಹತ್ತು ಸೆಕೆಂಡ್ ಮೌನ. ಒಂದು ನಿಮಿಷದಲ್ಲಿ 16 ಬಂದರೆ ಇನ್ನೊಂದು ನಿಮಿಷದಲ್ಲಿ 24 ಬರಬಹುದು. ಯಂತ್ರ ಕೆಟ್ಟಿದೆ ಅಂತ ಇದರ ಅರ್ಥ ಅಲ್ಲ, ಹಾಗೇ ಬರಬೇಕು. ಗಡಿಯಾರದ ಹಾಗೆ ಒಂದೇ ಸಮನೆ ಬಂದಿದ್ದರೆ ನಾನು ಮೊದಲು ವಿದ್ಯುತ್ ಲೈನನ್ನು ಅನುಮಾನಿಸುತ್ತಿದ್ದೆ.

ತಂತಿಯ ಮಾತಿಗೆ ಮರಳಿ ಬರುತ್ತೇನೆ, ಏಕೆಂದರೆ ಅದು ನನಗೆ ಅಚ್ಚುಮೆಚ್ಚು. ಗೈಗರ್ ಕೊಳವೆಯಲ್ಲಿ ತಂತಿ ಒಂದೇ. 1968ರಲ್ಲಿ ಜಿನೀವಾ ಹತ್ತಿರದ ಕಣವಿಜ್ಞಾನದ ದೊಡ್ಡ ಲ್ಯಾಬ್ ಸರ್ನ್‌ನಲ್ಲಿ ಜಾರ್ಜ್ ಶಾರ್ಪಾಕ್ ಒಂದೇ ಚೌಕಟ್ಟಿನಲ್ಲಿ ಸಾಲುಸಾಲಾಗಿ ತಂತಿ ಬಿಗಿದು, ಒಂದೊಂದನ್ನೂ ಬೇರೆ ಬೇರೆ ಡಿಟೆಕ್ಟರ್ ಮಾಡಿದರು. ಅಲ್ಲಿಯವರೆಗೆ ಕಣಗಳ ಜಾಡನ್ನು ಹೆಚ್ಚಾಗಿ ಫೋಟೋ ತೆಗೆದು, ಜನ ಕೂತು ಒಂದೊಂದೇ ಚಿತ್ರ ನೋಡಿ ಅಳೆಯುತ್ತಿದ್ದರು. ಈಗ ಯಾವ ತಂತಿ ಮಿಡಿಯಿತು ಅನ್ನುವುದು ನೇರವಾಗಿ ಕಂಪ್ಯೂಟರಿಗೆ ಹೋಗತೊಡಗಿತು. 1992ರಲ್ಲಿ ಅವರಿಗೆ ನೊಬೆಲ್ ಬಂತು.

ಅಂಥ ಒಂದು ಚೌಕಟ್ಟಿಗೆ ತಂತಿ ಬಿಗಿಯುವುದನ್ನು ಹತ್ತಿರದಿಂದ ನೋಡಬೇಕು. ಚಿನ್ನದ ಲೇಪ ಇರುವ ಟಂಗ್‌ಸ್ಟನ್ ತಂತಿ, 20 ಮೈಕ್ರಾನ್ ದಪ್ಪ. ನಮ್ಮ ಕೂದಲಿನ ಮೂರನೇ ಒಂದು ಭಾಗ ಅನ್ನಿ. ನೇರವಾಗಿ ನೋಡಿದರೆ ಕಾಣುವುದೇ ಇಲ್ಲ. ದೀಪ ಒಂದು ಪಕ್ಕದಿಂದ ಬಿದ್ದಾಗ ಮಾತ್ರ ಒಂದು ಹೊಳಪು ಓಡಿದ ಹಾಗಾಗುತ್ತದೆ. ಒಂದು ತುದಿ ಬೆಸುಗೆ ಹಾಕಿ, ಇನ್ನೊಂದು ತುದಿಗೆ 50 ಗ್ರಾಂ ತೂಕ ತೂಗುಬಿಟ್ಟು, ಅದು ಅಲುಗಾಡುವುದು ನಿಲ್ಲುವವರೆಗೆ ಕಾದು, ಆಮೇಲೆ ಆ ತುದಿಗೂ ಬೆಸುಗೆ. ಉಸಿರು ಬಿಗಿ ಹಿಡಿದು ಮಾಡುವ ಕೆಲಸ ಅನ್ನುತ್ತಾರಲ್ಲ, ಇಲ್ಲಿ ನಿಜವಾಗಿಯೂ ಉಸಿರು ಬಿಗಿ ಹಿಡಿಯುತ್ತೇವೆ. ಹೀಗೆ ನೂರಾರು ತಂತಿ. ಒಂದರಲ್ಲಿ ಸಣ್ಣ ತಿರುಚು ಬಿದ್ದರೂ ಆ ಜಾಗದಲ್ಲಿ ಕಿಡಿ ಹಾರುತ್ತದೆ. ಒಂದು ತುಂಡಾಗಿ ಪಕ್ಕದ್ದರ ಮೇಲೆ ಬಿದ್ದರೆ ಇಡೀ ಚೌಕಟ್ಟೇ ಕೆಲಸ ನಿಲ್ಲಿಸುತ್ತದೆ.

ಬಿಗಿ ಸರಿ ಇದೆಯಾ ಅಂತ ನೋಡುವುದು ವೀಣೆಯ ಶ್ರುತಿ ನೋಡಿದ ಹಾಗೇ. ತಂತಿಯ ಪಕ್ಕ ಒಂದು ಅಯಸ್ಕಾಂತ ಇಟ್ಟು, ತಂತಿಯಲ್ಲಿ ಹಿಂದೆಮುಂದೆ ಹರಿಯುವ ವಿದ್ಯುತ್ತು ಬಿಟ್ಟರೆ ಅದು ಕಂಪಿಸುತ್ತದೆ. ಅರ್ಧ ಮೀಟರ್ ಉದ್ದದ ತಂತಿಗೆ 50 ಗ್ರಾಂ ಬಿಗಿ ಸರಿಯಾಗಿ ಕೂತಿದ್ದರೆ ಸೆಕೆಂಡಿಗೆ 280 ಸಲದ ಆಸುಪಾಸಿನಲ್ಲಿ ಅದು ಜೋರಾಗಿ ಮಿಡಿಯುತ್ತದೆ. 250ಕ್ಕೇ ಮಿಡಿದರೆ ಸಡಿಲವಾಗಿದೆ, ಬಿಚ್ಚಿ ಮತ್ತೆ ಕಟ್ಟಬೇಕು. ಬೇಸರದ ಕೆಲಸ ಅಂತ ಕೆಲವರಿಗೆ ಅನ್ನಿಸುತ್ತದೆ. ನಾನಂತೂ ಇದಕ್ಕಿಂತ ಸಮಾಧಾನ ಕೊಡುವ ಕೆಲಸ ಕಂಡಿಲ್ಲ.

ಸಿಲಿಕಾನ್ ಡಿಟೆಕ್ಟರ್ ಬಗ್ಗೆ ಇವತ್ತು ಜಾಸ್ತಿ ಹೇಳುವುದಿಲ್ಲ. ಅದಕ್ಕೆ ಕ್ಲೀನ್ ರೂಮ್ ಬೇಕು, ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು ಹೋಗಬೇಕು, ಏಕೆಂದರೆ ಅಲ್ಲಿ ಧೂಳಿಗೆ ದೊಡ್ಡ ಮೂಲ ಮನುಷ್ಯರೇ.

ವಿಕಿರಣ ಅಂದರೆ ಅಪಾಯ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಪರೀಕ್ಷೆಗೆ ನಾವು ಇಟ್ಟುಕೊಳ್ಳುವ ಸೀಸಿಯಂ, ಕೋಬಾಲ್ಟ್ ವಿಕಿರಣ ಮೂಲಗಳು ಸೀಲ್ ಮಾಡಿದ ಸಣ್ಣ ಬಿಲ್ಲೆಗಳು. ಬೀಗದ ಒಳಗಿರುತ್ತವೆ, ತೆಗೆದರೆ ಪುಸ್ತಕದಲ್ಲಿ ಬರೆಯಬೇಕು, ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಇರಬೇಕು. ದೂರ ಎರಡರಷ್ಟಾದರೆ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ ಅನ್ನುವುದನ್ನು ಮೊದಲ ದಿನವೇ ಕೌಂಟರ್ ಹಿಡಿಸಿ ತೋರಿಸುತ್ತೇವೆ. ನಾನು ವಿದ್ಯಾರ್ಥಿಗಳಿಗೆ ಹೆಚ್ಚು ಎಚ್ಚರಿಕೆ ಹೇಳುವುದು ಹೈ ವೋಲ್ಟೇಜ್ ಕೇಬಲ್ ಬಗ್ಗೆ, ಅನಿಲದ ಸಿಲಿಂಡರ್ ಬಗ್ಗೆ.

ಸದ್ದನ್ನು ಹೊರಗಿಡುವುದಕ್ಕೆ ಜನ ಎಲ್ಲಿಯವರೆಗೆ ಹೋಗುತ್ತಾರೆ ಗೊತ್ತಾ? ತೀರಾ ಅಪರೂಪದ ಘಟನೆ ಹುಡುಕುವವರು ಡಿಟೆಕ್ಟರಿನ ಸುತ್ತ ಸೀಸದ ಗೋಡೆ ಕಟ್ಟುತ್ತಾರೆ. ಆದರೆ ಹೊಸ ಸೀಸದಲ್ಲೇ ಸೀಸ-210 ಅನ್ನುವ ವಿಕಿರಣಶೀಲ ಅಂಶ ಸ್ವಲ್ಪ ಇರುತ್ತದೆ. ಅದು ಅರ್ಧಕ್ಕೆ ಇಳಿಯಲು ಸುಮಾರು 22 ವರ್ಷ ಬೇಕು. ಇಟಲಿಯ ಗ್ರಾನ್ ಸಾಸೋ ಬೆಟ್ಟದ ಅಡಿಯಲ್ಲಿರುವ ಕ್ವೋರೆ ಪ್ರಯೋಗದವರು ಇದಕ್ಕೆ ಏನು ಮಾಡಿದರು? ಸುಮಾರು 2,000 ವರ್ಷಗಳ ಹಿಂದೆ ಸಾರ್ಡೀನಿಯಾ ಹತ್ತಿರ ಮುಳುಗಿದ ರೋಮನ್ ಹಡಗಿನಿಂದ ಸಿಕ್ಕ ಸೀಸ ಬಳಸಿದರು. ಅಷ್ಟು ಕಾಲದಲ್ಲಿ ಆ ಸೀಸದೊಳಗಿನ ಸದ್ದೆಲ್ಲ ತಣ್ಣಗಾಗಿತ್ತು.

ಇನ್ನು ಮ್ಯೂಆನ್ ನಮಗೆ ಸುದ್ದಿ, ಅವರಿಗೆ ಅದೇ ಸದ್ದು. ಬೆಟ್ಟದ ಅಡಿಗೆ ಹೋಗುವುದೇ ಇವುಗಳಿಂದ ತಪ್ಪಿಸಿಕೊಳ್ಳಲು. ಹಿಂದೆ ಈ ಮ್ಯೂಆನ್‌ಗಳ ಇಡೀ ವಂಶವೇ ಸದ್ದು ಅನ್ನಿಸಿಕೊಂಡಿತ್ತು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ವಿದ್ಯುದಂಶ ಇದೆಯಾ ಅಂತ ತೋರಿಸುವ ಎಲೆಕ್ಟ್ರೋಸ್ಕೋಪ್ ಅನ್ನುವ ಉಪಕರಣಗಳು ತಾವಾಗಿಯೇ ವಿದ್ಯುದಂಶ ಕಳೆದುಕೊಳ್ಳುತ್ತಿದ್ದವು. ಎಷ್ಟು ಮುಚ್ಚಿದರೂ ಸೋರಿಕೆ ನಿಲ್ಲುತ್ತಿರಲಿಲ್ಲ. ನೆಲದಿಂದ ಬರುವ ವಿಕಿರಣ ಇರಬೇಕು ಅಂತ ಬಹಳ ಜನ ಅಂದುಕೊಂಡರು. 1912ರ ಆಗಸ್ಟ್‌ನಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿಲೋಮೀಟರ್‌ಗೂ ಮೇಲೆ ಹೋಗಿ ಅಳೆದರು. ನೆಲದಿಂದ ದೂರ ಹೋದಷ್ಟೂ ಕಡಿಮೆಯಾಗಬೇಕಿದ್ದದ್ದು ಅಲ್ಲಿ ಜಾಸ್ತಿಯಾಗಿತ್ತು. ಸೋರಿಕೆ ಅಂದುಕೊಂಡದ್ದು ಆಕಾಶದಿಂದ ಬರುತ್ತಿದ್ದ ಸುದ್ದಿಯಾಗಿತ್ತು.

ಆ ಸುದ್ದಿಯನ್ನು ಇವತ್ತು ಪಿರಮಿಡ್ಡಿನ ಒಳಗೆ ನೋಡಲೂ ಬಳಸುತ್ತಾರೆ. ಕಲ್ಲು ದಪ್ಪ ಇದ್ದಲ್ಲಿ ಮ್ಯೂಆನ್ ಕಡಿಮೆ ದಾಟುತ್ತದೆ, ಪೊಳ್ಳು ಇದ್ದಲ್ಲಿ ಜಾಸ್ತಿ. ಲೂಯಿಸ್ ಆಲ್ವಾರೆಜ್ ಅವರ ತಂಡ ಖಫ್ರೆಯ ಪಿರಮಿಡ್ಡಿನಲ್ಲಿ ಹೀಗೆ ಹುಡುಕಿ, ತಾವು ನೋಡಿದ ಭಾಗದಲ್ಲಿ ಗುಪ್ತ ಕೋಣೆ ಇಲ್ಲ ಅಂತ 1970ರಲ್ಲಿ ಪ್ರಕಟಿಸಿತು. 2017ರಲ್ಲಿ ಖುಫುವಿನ ಪಿರಮಿಡ್ಡಿನ ಒಳಗೆ ಕನಿಷ್ಠ 30 ಮೀಟರ್ ಉದ್ದದ ಪೊಳ್ಳು ಇದೆ ಅಂತ ಇನ್ನೊಂದು ತಂಡ ತೋರಿಸಿತು. ಅದರಲ್ಲಿ ನಗೋಯಾ ವಿಶ್ವವಿದ್ಯಾಲಯದವರ ಫಿಲ್ಮ್ ಡಿಟೆಕ್ಟರ್‌ಗಳೂ ಇದ್ದವು. ಎಲ್ಲರೂ ಎರಡನೆಯದನ್ನೇ ನೆನಪಿಡುತ್ತಾರೆ. ನನಗೆ ಮೊದಲನೆಯದರ ಮೇಲೂ ಅಷ್ಟೇ ಗೌರವ. ಏನೂ ಇಲ್ಲ ಅಂತ ಹೇಳಬೇಕಾದರೆ, ಇದ್ದಿದ್ದರೆ ನನ್ನ ಡಿಟೆಕ್ಟರ್‌ಗೆ ಖಂಡಿತ ಕಾಣುತ್ತಿತ್ತು ಅನ್ನುವ ಭರವಸೆ ಇರಬೇಕು.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆಗೆ ಬಿಟ್ಟಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿ, "ಸರ್, ಅದನ್ನ ಮಗ್ಗುಲಿಗೆ ಮಲಗಿಸಿದರೆ?" ಅಂತ ಕೇಳಿದಳು.

ಬಂದು ನೀನೇ ಮಲಗಿಸಮ್ಮ ಅಂದೆ. ಅವಳು ವೇದಿಕೆಗೆ ಬಂದು, ಬಿಲ್ಲೆಗಳಿದ್ದ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಒರಗಿಸಿದಳು. ಈಗ ಬಿಲ್ಲೆಗಳು ಒಂದರ ಮೇಲೊಂದು ಇರಲಿಲ್ಲ, ಅಕ್ಕಪಕ್ಕ ನಿಂತಿದ್ದವು. ವೈರ್ ಅದೇ, ವೋಲ್ಟೇಜ್ ಅದೇ, ಟೇಪ್ ಅದೇ. ಸದ್ದಿಗೆ ಮೇಲು ಕೆಳಗು ಗೊತ್ತಿಲ್ಲ. ಬರೀ ಸದ್ದಾಗಿದ್ದರೆ ಟಿಕ್ ಮೊದಲಿನ ಹಾಗೇ ಬರುತ್ತಿತ್ತು.

ಸಭೆ ಪೂರ್ತಿ ಸುಮ್ಮನಾಯಿತು. ಹತ್ತು ಸೆಕೆಂಡ್. ಇಪ್ಪತ್ತು ಸೆಕೆಂಡ್. ಒಂದು ಟಿಕ್ ಬಂತು. ಮತ್ತೆ ಮೌನ. ಅವಳು ಗೋಡೆ ಗಡಿಯಾರ ನೋಡುತ್ತಾ ಬೆರಳಲ್ಲಿ ಎಣಿಸುತ್ತಿದ್ದಳು. ಒಂದು ನಿಮಿಷಕ್ಕೆ ಮೂರು ಬೆರಳು ಮಡಿಚಿತ್ತು.